ಬೆಳಗಾವಿ ಕಿಲ್ಲಾಕ್ಕೆ ಒಂದು ಬೋರ್ಡ್ ಹಾಕಿಸಿ: ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಬೆಳಗಾವಿ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರ.

ಕೇಳುವುದು ಒಂದೇ. ನಮ್ಮೂರ ಕಿಲ್ಲಾದ ಬಾಗಿಲಲ್ಲಿ ಈ ಊರಿನ ಇತಿಹಾಸ ಹೇಳುವ ಬೋರ್ಡ್ ಹಾಕಿಸಿ. ಅಲ್ಲಿಂದ ಟಿಳಕವಾಡಿಯ ಕಾಂಗ್ರೆಸ್ ಬಾವಿಯವರೆಗೆ ಪ್ರತಿ ಹಳೆಯ ಜಾಗದಲ್ಲೂ ಮಕ್ಕಳು ಓದಿ ತಿಳಿಯುವಂಥ ಬರಹ ಇರಲಿ. ಈ ಅರ್ಜಿ ಹಿಡಿದು ವರ್ಷಗಟ್ಟಲೆ ಅಲೆದಿದ್ದೇನೆ. ಒಂದು ಟೇಬಲ್‌ನವರು ಇನ್ನೊಂದು ಟೇಬಲ್‌ಗೆ ಕಳಿಸಿದರು. ಕೊನೆಗೆ ಒಬ್ಬ ಅಧಿಕಾರಿ ಬಾಯಿಬಿಟ್ಟು ಹೇಳಿದರು: "ಬೋರ್ಡ್ ಹಾಕಿದ್ರ ಯಾವ ಭಾಷಾ ಮೊದಲು ಅಂತ ಜಗಳಾ ಆಗ್ತದ್ರೀ ಮಾಸ್ತರ. ಸುಮ್ನ ಯಾಕ ಬೇಕ್ರೀ?"

ಜಗಳಕ್ಕೆ ಹೆದರಿ ಊರಿನ ಬಾಯಿಯನ್ನೇ ಮುಚ್ಚುವುದಾ ಸಚಿವರೇ?

ನಿವೃತ್ತಿಗೆ ಮೊದಲು ಏಳನೇ ತರಗತಿ ಮಕ್ಕಳನ್ನು ಕಿಲ್ಲಾಕ್ಕೆ ಕರೆದೊಯ್ದಿದ್ದೆ. ಬಾಗಿಲ ಹತ್ತಿರ ಕಲ್ಲು ಕಾಣದಂತೆ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿದ್ದರು. ಒಬ್ಬ ಪುಢಾರಿಯ ಆಳೆತ್ತರದ ಫೋಟೋ, ಕೆಳಗೆ ಶುಭ ಕೋರುವವರ ಸಾಲು ಸಾಲು ಮುಖ. ಹಗ್ಗ ಬಿಗಿಯಲು ಕಲ್ಲಿನ ಸಂದಿಗೆ ಮೊಳೆ ಹೊಡೆದಿದ್ದರು, ಸುತ್ತ ಗಾರೆ ಉದುರಿತ್ತು. ಒಬ್ಬ ಹುಡುಗಿ ಫೋಟೋ ತೋರಿಸಿ ಕೇಳಿದಳು: "ಸರ್, ಈ ಕಿಲ್ಲಾ ಇವ್ರ ಕಟ್ಟಿಸಿದ್ದೇನ್ರೀ?" ಯಾರೂ ನಗಲಿಲ್ಲ. ನಗುವಂಥದ್ದೂ ಅಲ್ಲ. ಅವಳಿಗೆ ಓದಲು ಅಲ್ಲಿ ಇದ್ದದ್ದು ಅದೊಂದೇ. ನನಗೆ ಆದ ಸಂಕಟ ಇವತ್ತಿಗೂ ಹೋಗಿಲ್ಲ. ದೂರು ಕೊಟ್ಟೆ. ಹಬ್ಬ ಮುಗಿದ ಮೇಲೆ ಅವರೇ ಬಿಚ್ಚುತ್ತಾರೆ ಎಂಬ ಉತ್ತರ ಬಂತು. ತೆರೆದ ಸ್ಥಳಗಳ ವಿರೂಪ ತಡೆಯುವ 1981ರ ಕಾಯ್ದೆ ನಿಮಗೆ ಗೊತ್ತೇ ಇದೆ. ಸ್ಮಾರಕಗಳ ಕಾಯ್ದೆಯೂ ಗೊತ್ತಿದೆ. ಮತ್ತೆ ಯಾಕೆ ಹೀಗೆ?

ಆ ಹುಡುಗಿಗೆ ತಿಳಿಯಬೇಕಿದ್ದದ್ದು ಎಷ್ಟಿತ್ತು! ಅದೇ ಕಿಲ್ಲಾದೊಳಗೆ ಕಮಲ ಬಸದಿ ಇದೆ. ಆಗ ಈ ಸೀಮೆ ಆಳುತ್ತಿದ್ದ ರಟ್ಟ ವಂಶದ ದೊರೆ ನಾಲ್ಕನೇ ಕಾರ್ತವೀರ್ಯನ ಅಧಿಕಾರಿ ಬೀಚಿರಾಜ 1204ರ ಸುಮಾರಿಗೆ ಕಟ್ಟಿಸಿದ್ದು. ತಲೆ ಎತ್ತಿ ನೋಡಿದರೆ ಛಾವಣಿಯಿಂದ ಕಲ್ಲಿನ ಕಮಲ ಇಳಿಬಿದ್ದಿದೆ, ಎಸಳುಗಳ ಮೇಲೆಲ್ಲ ತೀರ್ಥಂಕರರು. ಆಗ ಊರಿನ ಹೆಸರು ವೇಣುಗ್ರಾಮ. ಬಸದಿಗೆ ದತ್ತಿ ಬಿಟ್ಟ ಕನ್ನಡ ಶಾಸನಗಳಲ್ಲಿ ಗುಜರಾತ್ ಕಡೆಯ ಮತ್ತು ಮಲಯಾಳ ನಾಡಿನ ವ್ಯಾಪಾರಿಗಳೂ ಇದ್ದಾರೆ. ಎಂಟು ನೂರು ವರ್ಷದ ಹಿಂದೆಯೇ ಹತ್ತು ಕಡೆಯ ಜನ ಕೂಡಿ ಬಾಳಿದ ಪೇಟೆ ಇದು. ಆ ಶಾಸನಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಕಲ್ಲನ್ನಂತೂ ಅವರು ಒಯ್ದರು. ಅದರಲ್ಲಿ ಬರೆದ ಮಾತನ್ನಾದರೂ ಕಿಲ್ಲಾದಲ್ಲಿ ಕೆತ್ತಿಸಬಾರದಾ?

ಅಲ್ಲೇ ಹತ್ತಿರ ಬಿಜಾಪುರ ಸುಲ್ತಾನರ ಸರದಾರ ಅಸದ್ ಖಾನ್ 1519ರಲ್ಲಿ ಕಟ್ಟಿಸಿದ ಸಫಾ ಮಸೀದಿ. 1818ರಲ್ಲಿ ಕಿಲ್ಲಾವನ್ನು ಮರಾಠರ ಕೈಯಿಂದ ಇಂಗ್ಲಿಷರು ಕಿತ್ತುಕೊಂಡರು. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ಈ ಊರಲ್ಲೇ ನಡೆಯಿತು. ಗಂಗಾಧರರಾವ್ ದೇಶಪಾಂಡೆಯವರು ಓಡಾಡಿ ನಡೆಸಿದ್ದು. ಬಂದವರ ನೀರಿಗೆ ತೋಡಿದ್ದೇ ಕಾಂಗ್ರೆಸ್ ಬಾವಿ. ಹುಯಿಲಗೋಳ ನಾರಾಯಣರಾಯರ 'ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು' ಹಾಡನ್ನು ಹಾಡಿದ್ದೂ ಆ ಅಧಿವೇಶನದಲ್ಲೇ. ನವೆಂಬರ್ 1ಕ್ಕೆ ಮೈಕ್ ಹಾಕಿ ಇದೇ ಹಾಡು ಕೇಳಿಸುತ್ತೀರಿ. ಈ ಹಾಡು ಅಂದು ಎಲ್ಲಿ ಮೊಳಗಿತು ಅಂತ ಮಕ್ಕಳಿಗೆ ಹೇಳುವವರು ಯಾರು?

ಭಾಷೆಯ ಮಾತಿಗೆ ಬರುತ್ತೇನೆ. ಅಂಗಡಿ ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕು ಅಂತ ನಿಯಮ ತಂದವರು ನೀವೇ. ಹಾಗೆಯೇ ಇಲ್ಲೂ ಮೇಲೆ ಕನ್ನಡ ದೊಡ್ಡದಾಗಿರಲಿ. ಕೆಳಗೆ ಮರಾಠಿ, ಉರ್ದು, ಇಂಗ್ಲಿಷ್ ಇರಲಿ. ನನ್ನ ಮರಾಠಿ ಮನೆಮಾತಿನ ಮಕ್ಕಳೂ ಇದೇ ಊರಿನವರು, ಇದು ಅವರ ಇತಿಹಾಸವೂ ಹೌದು. ಗೊತ್ತಿಲ್ಲದ ಕಡೆಯೇ ಜಗಳ ಜಾಸ್ತಿ, ಅಲ್ವಾ?

ಚಳಿಗಾಲದ ಅಧಿವೇಶನಕ್ಕೆ ನೀವೆಲ್ಲ ಸುವರ್ಣ ವಿಧಾನಸೌಧಕ್ಕೆ ಬರುತ್ತೀರಿ. 2012ರಲ್ಲಿ ಅಷ್ಟು ದೊಡ್ಡ ಕಟ್ಟಡ ಉದ್ಘಾಟಿಸಿದ ಸರ್ಕಾರಕ್ಕೆ ನಾಲ್ಕು ಬೋರ್ಡ್ ಭಾರವಲ್ಲ. ಈ ಸಲದ ಅಧಿವೇಶನದೊಳಗೆ ಹಾಕಿಸಿ. ಮೊದಲು ಕಿಲ್ಲಾ ಬಾಗಿಲಲ್ಲಿ ಹಾಕಿಸಿ. ಅದರ ಮೇಲೆ ಯಾರ ಫ್ಲೆಕ್ಸೂ, ನಿಮ್ಮದೂ ಸೇರಿ, ಬೀಳದಂತೆ ಆದೇಶ ಮಾಡಿಸಿ. ಬರೆದುಕೊಡಲು ಊರಲ್ಲಿ ಇತಿಹಾಸ ಬಲ್ಲವರಿದ್ದಾರೆ. ಕರೆದರೆ ನಾನೂ ಬರುತ್ತೇನೆ.

ಇತಿ,
ಟಿಳಕವಾಡಿಯ ಒಬ್ಬ ನಿವೃತ್ತ ಶಾಲಾ ಮಾಸ್ತರ