ಹಾರ್ಲಿಕ್ಸ್ ಬಾಟಲಿ

ಮಗಳೇ,

ಭಾನುವಾರ ನೀನು ಫೋನ್ ಇಟ್ಟ ಮೇಲೆ ತುಂಬ ಹೊತ್ತು ಜಗಲಿಯಲ್ಲೇ ಕೂತಿದ್ದೆ. ನರ್ಸ್ ಕೆಲಸಕ್ಕೆ ಜರ್ಮನಿಗೆ ಹೋಗುತ್ತೇನೆ ಎಂದು ನೀನು ಅಂದದ್ದಕ್ಕೆ "ಜರ್ಮನಿಯೂ ಬೇಡ, ಬ್ರೋಕರ್‌ಗಳ ಸಹವಾಸವೂ ಬೇಡ" ಎಂದು ಕೂಗಿದ್ದು ನನ್ನ ತಪ್ಪು. ಬ್ರೋಕರ್ ಅಲ್ಲ ಅಪ್ಪ, ಸರ್ಕಾರದವರೇ ಕರೆದ ಮಾಹಿತಿ ಸಭೆ ಎಂದು ಎಷ್ಟು ಸಲ ಹೇಳಿದೆ ನೀನು. ನನ್ನ ಕಿವಿಗೆ ಬೀಳಲೇ ಇಲ್ಲ.

ಮುಂಬೈಯಲ್ಲಿ ಕೆಲಸಕ್ಕಿದ್ದೆ ಎಂದು ನಿನಗೆ ಹೇಳುತ್ತಾ ಬಂದಿದ್ದೇನೆ. ಕೆಲಸಕ್ಕಲ್ಲ. 1996ರಲ್ಲಿ ದುಬೈಗೆಂದು ಹೊರಟವನು ನಾನು. ಅಜ್ಜಿಯ ಬಳೆ ಅಡವಿಟ್ಟು ಏಜೆಂಟನಿಗೆ 45 ಸಾವಿರ ಕೊಟ್ಟಿದ್ದೆವು. ಹೊರಡುವ ದಿನ ಅಜ್ಜಿ ಹಾರ್ಲಿಕ್ಸ್ ಬಾಟಲಿ ತುಂಬ ಮಿಡಿ ಉಪ್ಪಿನಕಾಯಿ ಹಾಕಿ, ಮುಚ್ಚಳಕ್ಕೆ ಬಟ್ಟೆ ಕಟ್ಟಿ, "ಅಲ್ಲಿಗೆ ಹೋದ ಮೇಲೇ ಬಿಚ್ಚು" ಎಂದಳು. ಮುಂಬೈಯ ಡೋಂಗ್ರಿಯಲ್ಲಿ ಒಂದು ಕೋಣೆಯಲ್ಲಿ ನಾವು ಹನ್ನೊಂದು ಜನ. ವೀಸಾ ನಾಳೆ, ನಾಡಿದ್ದು, ಬರುವ ವಾರ. ಮೊದಲೆಲ್ಲ ಆ ಬಾಟಲಿ ಮುಟ್ಟಲಿಲ್ಲ. ಕೈಯಲ್ಲಿದ್ದ ದುಡ್ಡು ಮುಗಿದಾಗ ಬಟ್ಟೆ ಬಿಚ್ಚಿದೆ. ಬರೀ ಅನ್ನ, ಒಂದು ಮಿಡಿಯನ್ನು ಇಬ್ಬರು ಹಂಚಿಕೊಳ್ಳುವುದು. ಒಂದು ದಿನ ಏಜೆಂಟನ ಆಫೀಸಿಗೆ ಬೀಗ. ದುಡ್ಡೂ ಇಲ್ಲ, ಪಾಸ್‌ಪೋರ್ಟೂ ಇಲ್ಲ.

ಯಾರೂ ನೋಡಬಾರದೆಂದು ಬೆಳಕು ಹರಿಯುವ ಮೊದಲೇ ಮನೆ ಸೇರಿದೆ. ಅಜ್ಜಿ ಒಂದು ಮಾತೂ ಕೇಳಲಿಲ್ಲ. ಚೀಲದಿಂದ ಖಾಲಿ ಬಾಟಲಿ ತೆಗೆದು, ತೊಳೆದು, ಬಿಸಿಲಿಗೆ ಬೋರಲು ಹಾಕಿದಳು. ಬೈದಿದ್ದರೆ ಎಷ್ಟೋ ಹಗುರ ಆಗುತ್ತಿತ್ತು. ಬೋರಲು ಬಿದ್ದ ಆ ಬಾಟಲಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನೀನು ಜರ್ಮನಿ ಅಂದಾಗ ನನಗೆ ಕಂಡದ್ದು ಅದೇ.

ನಿನ್ನೆ ರಜೆ ಹಾಕಿ ಮಣಿಪಾಲದ ಸರ್ಕಾರಿ ಕಚೇರಿ ಸಂಕೀರ್ಣ ರಜತಾದ್ರಿಗೆ ಹೋಗಿದ್ದೆ. ಉದ್ಯೋಗ ವಿನಿಮಯ ಕಚೇರಿಯ ಹುಡುಗ ಕೂರಿಸಿಕೊಂಡು ಎಲ್ಲ ಹೇಳಿದ. ಜನರನ್ನು ಹೊರದೇಶದ ಕೆಲಸಕ್ಕೆ ಕಳಿಸುವವರಿಗೆ ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕು. ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಅವರ ಪಟ್ಟಿಯೇ ಇದೆ. ಅವರು ಅಭ್ಯರ್ಥಿಯಿಂದ 30 ಸಾವಿರ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಜಾಸ್ತಿ ಸೇವಾ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಯಾವಾಗಿನ ಕಾನೂನಪ್ಪ ಇದು ಎಂದು ಕೇಳಿದೆ. ಕಾಯ್ದೆ 1983ರದು ಅಂದ.

ನಾನು ಬಸ್ಸು ಹತ್ತುವ 13 ವರ್ಷ ಮೊದಲೇ ಕಾಯ್ದೆ ಇತ್ತು, ಮಗಳೇ. ಲೈಸೆನ್ಸ್ ನಂಬರ್ ಕೇಳು ಎಂದು ಹೇಳುವವರು ಮಾತ್ರ ಒಬ್ಬರೂ ಇರಲಿಲ್ಲ. ನಿನಗೆ ಹೇಳುವವರಿದ್ದಾರೆ. ಅದನ್ನೇ ಬೇಡ ಅಂದುಬಿಟ್ಟೆನಲ್ಲ ನಾನು.

ಆದರೂ ಕೇಳು. ಜರ್ಮನಿಯಲ್ಲಿ ಪೂರ್ಣ ನರ್ಸ್ ಅನ್ನಿಸಿಕೊಳ್ಳಲು ಸಾಮಾನ್ಯವಾಗಿ ಜರ್ಮನ್ ಭಾಷೆಯ ಬಿ-2 ಹಂತದ ಪರೀಕ್ಷೆ ಆಗಬೇಕಂತೆ, ನಿನ್ನ ಡಿಗ್ರಿಗೆ ಅಲ್ಲಿನ ಮಾನ್ಯತೆಯೂ ಸಿಗಬೇಕಂತೆ. ಅಲ್ಲಿಯವರೆಗೆ ಸಹಾಯಕಿಯ ಕೆಲಸ, ಸಂಬಳವೂ ಕಡಿಮೆ. ಅಷ್ಟು ದಿನ ಎಷ್ಟು ಕೊಡುತ್ತಾರೆ, ಬಾಡಿಗೆ ಯಾರದು, ಮಧ್ಯದಲ್ಲಿ ಬಿಟ್ಟರೆ ದುಡ್ಡು ಕಟ್ಟಬೇಕಾ, ಎಲ್ಲ ಬರವಣಿಗೆಯಲ್ಲಿ ಕೇಳು. ನಾಚಿಕೊಳ್ಳಬೇಡ. ಪಾಸ್‌ಪೋರ್ಟ್ ಯಾರ ಕೈಯಲ್ಲೂ ಬಿಟ್ಟು ಬರಬೇಡ. ವಿಸಿಟ್ ವೀಸಾದಲ್ಲಿ ಹೋಗಿ ಆಮೇಲೆ ನೋಡೋಣ ಅಂದವರ ಹತ್ತಿರ ಕೂರಲೂ ಬೇಡ. ಇದೆಲ್ಲ ನಿನಗೆ ಗೊತ್ತಿರುತ್ತದೆ, ನನಗೂ ಗೊತ್ತು. ಹೇಳದೆ ಇರಲು ಆಗುವುದಿಲ್ಲ.

ಅದರ ಹಿಂದಿನ ಹಂತ ಬಿ-1 ಪಾಸಾದೆ ಎಂದು ನೀನು ಹೇಳಿದ ದಿನ ನಾನು "ಹೂಂ" ಅಂದೆ, ಅಷ್ಟೇ. ನಿನ್ನೆ ಆ ಹುಡುಗನಿಗೆ ಮೂರು ಸಲ ಹೇಳಿದೆ. ರಾತ್ರಿ ಪಾಳಿ ಮುಗಿಸಿ ಬಂದು ಓದಿ ಪಾಸಾದಳು ಎಂದೂ ಹೇಳಿದೆ. ನಿನಗೆ ಹೇಳಬೇಕಾದದ್ದನ್ನು ಅವನಿಗೆ ಹೇಳಿ ಬಂದೆ.

ಅಮ್ಮ ನಿನಗೆಂದು ಈ ಸಲದ ಮಿಡಿ ತೆಗೆದಿಟ್ಟಿದ್ದಾಳೆ. ಶನಿವಾರ ಬಾ. ಒಪ್ಪಂದದ ಕಾಗದ ಬಂದಾಗ ನನಗೂ ಒಂದು ಪ್ರತಿ ಕೊಡು. ನಿಧಾನಕ್ಕೆ ಕೂತು ಓದುತ್ತೇನೆ.

ನಿನ್ನ
ಅಪ್ಪ