ಕಿರ್ದಿ ತಾಳೆಯಾಯ್ತು, ಥ್ಯಾಂಕ್ಸ್ ಹೇಳೋದು ಬಾಕಿ ಇದೆ

ಈ ಸಲ ಮಾರ್ಚ್ 31ರ ಲೆಕ್ಕ ರಾತ್ರಿ ಒಂಬತ್ತಕ್ಕೇ ತಾಳೆಯಾಯಿತು. ಹಿಂದೆಲ್ಲ ಇದೇ ಕೆಲಸಕ್ಕೆ ಎರಡು ರಾತ್ರಿ ಸೊಸೈಟಿಯಲ್ಲೇ ಮಲಗುತ್ತಿದ್ದೆವು. ಗದಗ ತಾಲೂಕಿನ ಸಣ್ಣ ಊರಿನ ಪತ್ತಿನ ಸಹಕಾರ ಸಂಘ ನಮ್ಮದು, ನಾನು ಅದರ ಕಾರ್ಯದರ್ಶಿ. ಕೈಬರಹದ ಕಿರ್ದಿ, ಅಂದರೆ ದಿನದ ಜಮಾ-ಖರ್ಚಿನ ಪುಸ್ತಕ, ಬಿಟ್ಟು ಕಂಪ್ಯೂಟರಿಗೆ ಬಂದ ಮೊದಲ ವರ್ಷ ಇದು. ಶಾಲು-ಹಾರ ನನಗೆ ಬಂತು. ಅದು ಸರಿಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ದೇಶದ 63,000 ಸೊಸೈಟಿಗಳಿಗೆ ಕಂಪ್ಯೂಟರ್ ಹಾಕುವ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟದ್ದು 2022ರಲ್ಲಿ. ನಮ್ಮ ಸರದಿ ಬಂದಾಗ ನಾನು ಯಾರನ್ನೂ ಕೇಳದೆ, ಇನ್ನು ಕಿರ್ದಿ ಬಂದ್, ಎಲ್ಲ ಕಂಪ್ಯೂಟರ್‌ನಲ್ಲೇ ಅಂತ ಗೋಡೆಗೆ ನೋಟಿಸ್ ಅಂಟಿಸಿದೆ. ಅದೂ ಜೂನ್‌ನಲ್ಲಿ, ಗೊಬ್ಬರದ ಪಾಳಿ ರಸ್ತೆ ಮುಟ್ಟಿದ್ದಾಗ! ನಮ್ಮ ಗುಮಾಸ್ತ ಕಾಕಾ ನೋಟಿಸ್ ಓದಿ ಕನ್ನಡಕ ತೆಗೆದರು. "ತಮ್ಮಾ, 1905ರಾಗ ನಮ್ಮ ಕಣಗಿನಹಾಳದಾಗ ನಾಡಿನ ಮೊದಲ ಸೊಸೈಟಿ ಕಟ್ಟಿದಾಗ ಸಿದ್ದನಗೌಡ ಪಾಟೀಲ್ರ ಕಡೆ ಕಂಪ್ಯೂಟರ್ ಇತ್ತೇನು?" ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು.

ಕಂಪ್ಯೂಟರ್ ಬಂದ ಮೇಲೂ ಕಾಕಾ ದಿನಾ ಸಂಜೆ ಕಿರ್ದಿ ಬರೆಯುವುದು ಬಿಡಲಿಲ್ಲ. ಸುಮ್ನೆ ಹಠ ಅಂದುಕೊಂಡೆ. ಮಂಡಳಿ ಸಭೆಯಲ್ಲಿ ಒಮ್ಮೆ ಹಾಗೇ ಅಂದೂಬಿಟ್ಟೆ.

ಆಮೇಲೆ ಆಗಸ್ಟ್‌ನಲ್ಲಿ ಕಂಪ್ಯೂಟರ್‌ನಿಂದ ಸುಸ್ತಿದಾರರ, ಅಂದರೆ ವಾಯಿದೆಗೆ ಸಾಲ ಕಟ್ಟದವರ, ಪಟ್ಟಿ ತೆಗೆದೆವು. ಒಂದು ದಿನವೂ ವಾಯಿದೆ ತಪ್ಪಿಸದ ರೈತರೊಬ್ಬರ ಹೆಸರು ಅದರಲ್ಲಿತ್ತು. ಕಾಕಾ ಪರದೆಗೆ ಮೂಗು ತಾಗಿಸಿ ನೋಡಿದರು. "2023ರ ಮೇ 10ಕ್ಕ ಸಾಲ ಕೊಟ್ಟೀವಂತ. ಅವತ್ತ ವಿಧಾನಸಭಾ ಎಲೆಕ್ಷನ್. ಸೊಸೈಟಿ ಬಾಗಲಾನ ತಗದಿಲ್ಲಲ್ಲೋ!" ಹಳೇ ಕಿರ್ದಿ ತೆಗೆದರೆ 5-10-2023 ಅಂತ ಇತ್ತು. ಹಿಂಗಾರಿ ಕಡಲೆಗೆ ಕೊಟ್ಟ ಸಾಲ ಅದು. ಹಳೇ ಲೆಕ್ಕ ತುಂಬಿಸುವಾಗ ತಿಂಗಳು ಮುಂದೆ, ದಿನ ಹಿಂದೆ ಆಗಿ, ವಾಯಿದೆ ಮೊದಲೇ ಮುಗಿದಂತೆ ಕಾಣುತ್ತಿತ್ತು. 12ರ ಮೇಲಿನ ತಾರೀಕುಗಳೆಲ್ಲ ಸರಿ, 12ರ ಒಳಗಿನವಷ್ಟೇ ಅದಲುಬದಲು. ಹಾಗಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರ ಶೂನ್ಯ ಬಡ್ಡಿ. ಆ ಪಟ್ಟಿ ಹಾಗೇ ಮೇಲಕ್ಕೆ ಹೋಗಿದ್ದರೆ ಬಡ್ಡಿಯ ಜೊತೆ ಆ ಮನೆಯ ಮರ್ಯಾದೆಯೂ ಹೋಗುತ್ತಿತ್ತು.

ಅವತ್ತೇ ನೋಟಿಸ್ ಹರಿದೆ. ಮೂರು ವಾರ ಕಾಕಾ ಕಿರ್ದಿಯಿಂದ ತಾರೀಕು ಕೂಗಿ ಹೇಳಿದರು, ಆಪರೇಟರ್ ಹುಡುಗಿ ತಿದ್ದಿದಳು. ಅವರ 1 ಯಾವುದು, 7 ಯಾವುದು ಅಂತ ಅವಳೊಬ್ಬಳಿಗೇ ತಿಳಿಯೋದು. ಬದಲಿಗೆ ಅವಳು ಕಾಕಾಗೆ ಮೌಸ್ ಹಿಡಿಯೋದನ್ನ ಕಲಿಸಿದಳು, ಕಂಪ್ಯೂಟರ್‌ನಲ್ಲಿ ಇಸ್ಪೀಟ್ ಆಡಿಸಿ. ಇದು ಮಂಡಳಿಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು ಬಿಡಿ.

ಕರೆಂಟ್ ಹೋದಾಗೆಲ್ಲ ಕಟ್ಟೆ ಮೇಲೆ ಕೂತು ಕಾದ ಸದಸ್ಯರಿಗೆ, ನಡುವೆ ಒಮ್ಮೆ "ಸಾಕು, ಹಳೇದಕ್ಕೇ ಹೋಗೋಣ" ಅಂತ ನಾನು ಅಂದಾಗ ಚಹಾ ತರಿಸಿ ಮಾತು ಮರೆಸಿದ ಅಧ್ಯಕ್ಷರಿಗೆ ಥ್ಯಾಂಕ್ಸ್. "ಮಷಿನ್ ಬರದದ್ದು ಅಳಿಸಿ ಹೋಗತೈತಿ" ಅಂತ ಬೈಯುತ್ತಲೇ ಠೇವಣಿ ಮುಂದುವರಿಸಿದ ಅಜ್ಜಿಗೂ.

ಕಾಕಾ, ಸಭೆಯಲ್ಲಿ ಅಂದ ಮಾತಿಗೆ ತಪ್ಪಾಯಿತು ಅಂತ ಎಲ್ಲರ ಮುಂದೆ ಹೇಳುತ್ತಿದ್ದೇನೆ. ನೀವು ಈಗಲೂ ದಿನಾ ಸಂಜೆ ಪ್ರಿಂಟ್ ತೆಗೆಸಿ, ಒಂದೊಂದು ಸಾಲಿಗೂ ಪೆನ್ನಿನಿಂದ ಟಿಕ್ ಹಾಕಿಯೇ ಮನೆಗೆ ಹೋಗುತ್ತೀರಿ. ಹಾಕಿ. ಈ ತಿಂಗಳಿಂದ ಕಾಗದ ಒಂದು ರಿಮ್ ಜಾಸ್ತಿ ತರಿಸಿದ್ದೇನೆ.