ಶೇ 2ರ ಪಟ್ಟಿ ಪ್ರಶಸ್ತಿಯಲ್ಲ. ಸಂಶೋಧನಾ ಪೇಪರ್ ತೆಗೆದು ನೋಡಿ

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದೇ ಬಗೆಯ ಸುದ್ದಿ ಶುರುವಾಗುತ್ತದೆ: ‘ವಿಶ್ವದ ಶೇ 2ರಷ್ಟು ಶ್ರೇಷ್ಠ ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮ ಕಾಲೇಜಿನ ಪ್ರಾಧ್ಯಾಪಕರು’. ಫೋಟೊ ಇರುತ್ತದೆ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗೌರವ ಎಂಬ ಸಾಲು ಇರುತ್ತದೆ, ಆಡಳಿತ ಮಂಡಳಿಯ ಅಭಿನಂದನೆಯೂ ಇರುತ್ತದೆ. ಆ ಪ್ರಾಧ್ಯಾಪಕರು ಯಾವ ರೋಗದ ಬಗ್ಗೆ, ಎಷ್ಟು ರೋಗಿಗಳನ್ನು ನೋಡಿ, ಏನು ಕಂಡುಕೊಂಡರು ಎಂಬುದು ಮಾತ್ರ ಇರುವುದಿಲ್ಲ. ಇಂಥ ಸುದ್ದಿ ಅಚ್ಚಿಗೆ ಹೋಗುವ ಮುನ್ನ ಕೇಳಲೇಬೇಕಾದ ಕೆಲವು ಪ್ರಶ್ನೆಗಳಿವೆ. ಅದಕ್ಕಾಗಿ ಈ ಪತ್ರ.

ಮೊದಲನೆಯದಾಗಿ, ಇದು ಪ್ರಶಸ್ತಿಯಲ್ಲ. ಇದಕ್ಕೆ ಯಾರೂ ಅರ್ಜಿ ಹಾಕುವುದಿಲ್ಲ, ಯಾವ ಸಮಿತಿಯೂ ಕೂತು ಆರಿಸುವುದಿಲ್ಲ. ಸ್ಟ್ಯಾನ್‌ಫರ್ಡ್‌ನ ಪ್ರಾಧ್ಯಾಪಕ ಜಾನ್ ಅಯೊನಿಡಿಸ್ ಮತ್ತು ಜೊತೆಗಾರರು ಎಲ್ಸೆವಿಯರ್ ಕಂಪನಿಯ ಸ್ಕೋಪಸ್ ಎಂಬ ಸಂಶೋಧನಾ ಪೇಪರ್‌ಗಳ ದತ್ತಸಂಚಯದಿಂದ ಲೆಕ್ಕ ಹಾಕಿ 2019ರಿಂದ ಪ್ರಕಟಿಸುತ್ತಿರುವ ಎಕ್ಸೆಲ್ ಕಡತ ಇದು. ಒಟ್ಟು ಸೈಟೇಶನ್ (ಇತರ ಪೇಪರ್‌ಗಳು ಇವರ ಪೇಪರನ್ನು ಉಲ್ಲೇಖಿಸಿದ್ದು), ಎಚ್-ಇಂಡೆಕ್ಸ್ (ಇದರ ಲೆಕ್ಕ ಮುಂದೆ ಇದೆ), ಸಹಲೇಖಕರ ಸಂಖ್ಯೆಗೆ ತಕ್ಕಂತೆ ತಗ್ಗಿಸಿದ ಇನ್ನೊಂದು ಇಂಡೆಕ್ಸ್, ಒಬ್ಬರೇ ಬರೆದ ಪೇಪರ್‌ಗಳ ಸೈಟೇಶನ್, ಒಬ್ಬರೇ ಅಥವಾ ಮೊದಲ ಲೇಖಕರಾಗಿ ಬರೆದವುಗಳದ್ದು, ಒಬ್ಬರೇ, ಮೊದಲ ಅಥವಾ ಕೊನೆಯ ಲೇಖಕರಾಗಿ ಬರೆದವುಗಳದ್ದು ಎಂಬ ಆರು ಅಂಶಗಳನ್ನು ಕೂಡಿಸಿ ಒಂದು ಅಂಕ ಕೊಡುತ್ತಾರೆ. ಕಡತಗಳು ಎರಡು. ಒಂದು ಇಡೀ ವೃತ್ತಿಜೀವನದ್ದು, ಇನ್ನೊಂದು ಒಂದೇ ವರ್ಷದಲ್ಲಿ ಬಂದ ಸೈಟೇಶನ್‌ಗಳದ್ದು. ಹೆಸರು ಯಾವುದರಲ್ಲಿದೆ ಎಂದು ಕೇಳಿ. ತನ್ನ ಪೇಪರನ್ನು ತಾನೇ ಉಲ್ಲೇಖಿಸಿಕೊಂಡದ್ದು ಶೇಕಡ ಎಷ್ಟು, ಅದನ್ನು ಕಳೆದರೆ ಸ್ಥಾನ ಎಲ್ಲಿಗೆ ಇಳಿಯುತ್ತದೆ ಎಂಬುದಕ್ಕೂ ಅದೇ ಕಡತದಲ್ಲಿ ಅಂಕಣಗಳಿವೆ. ಇತ್ತೀಚಿನ ಆವೃತ್ತಿಗಳಲ್ಲಿ ತಪ್ಪು ಅಥವಾ ಮೋಸ ಕಂಡು ಜರ್ನಲ್ ಹಿಂಪಡೆದ ಪೇಪರ್‌ಗಳ ಎಣಿಕೆಯೂ ಸೇರಿದೆ. ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಂಡು ನೋಡಬಹುದು.

ಇನ್ನು ಎಚ್-ಇಂಡೆಕ್ಸ್. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಸೂಚಿಸಿದ ಅಳತೆ ಇದು: ತಲಾ ಕನಿಷ್ಠ 5 ಸೈಟೇಶನ್ ಬಂದ 5 ಪೇಪರ್ ಇದ್ದು, ತಲಾ 6 ಬಂದ 6 ಪೇಪರ್ ಇಲ್ಲದಿದ್ದರೆ ಎಚ್ 5. ಪೇಪರ್‌ಗಳನ್ನು ಸೈಟೇಶನ್‌ನ ಇಳಿಕೆಯ ಕ್ರಮದಲ್ಲಿ ಬರೆದುಕೊಳ್ಳಿ: 45, 30, 12, 9, 6, 5, 3, 0. ಐದನೆಯ ಪೇಪರ್‌ಗೆ 6 ಇದೆ, ಸಾಕು. ಆರನೆಯದಕ್ಕೆ 5 ಮಾತ್ರ, ಸಾಲದು. ಹಾಗಾಗಿ ಎಚ್ 5. ಇದು ಪೇಪರ್‌ಗಳ ಸಂಖ್ಯೆಯನ್ನು ಮೀರಲಾರದು. ಮೂರೇ ಪೇಪರ್ ಬರೆದವರಿಗೆ ಎರಡು ಸಾವಿರ ಸೈಟೇಶನ್ ಬಂದರೂ ಎಚ್ 3 ದಾಟದು. ವಯಸ್ಸಾದಂತೆ ಏರುತ್ತದೆ, ಇಳಿಯುವುದಿಲ್ಲ. ಹೀಗಾಗಿ ಕೆಲಸಕ್ಕೆ ಸೇರಿ ಐದು ವರ್ಷವಾದವರನ್ನೂ ನಿವೃತ್ತಿಯ ಅಂಚಿನಲ್ಲಿರುವವರನ್ನೂ ಈ ಅಂಕಿಯಿಂದ ಹೋಲಿಸುವುದು ಅನ್ಯಾಯ.

ವೈದ್ಯಕೀಯ ಕ್ಷೇತ್ರದಲ್ಲಿ ಹೆಚ್ಚು ದಾರಿ ತಪ್ಪಿಸುವುದು ಹಲವು ಸಂಸ್ಥೆಗಳವರು ಸೇರಿ ಬರೆಯುವ ದೊಡ್ಡ ಕೂಟಗಳ ಪೇಪರ್‌ಗಳು. ‘ಗ್ಲೋಬಲ್ ಬರ್ಡನ್ ಆಫ್ ಡಿಸೀಸ್’ ಸರಣಿಯ ಒಂದೊಂದು ಪೇಪರ್‌ನಲ್ಲೂ ನೂರಾರು ಲೇಖಕರಿರುತ್ತಾರೆ, ಸೈಟೇಶನ್ ಸಾವಿರಗಳಲ್ಲಿ ಬರುತ್ತದೆ. ಸ್ಕೋಪಸ್ ಆಗಲಿ, ಪೇಪರ್ ಹುಡುಕುವ ಗೂಗಲ್ ಸ್ಕಾಲರ್ ಆಗಲಿ ಅಷ್ಟೂ ಸೈಟೇಶನ್ನನ್ನು ಪ್ರತಿಯೊಬ್ಬ ಲೇಖಕರ ಖಾತೆಗೂ ಪೂರ್ತಿಯಾಗಿ ಬರೆಯುತ್ತವೆ. ಒಬ್ಬರಿಗೆ ಸ್ವಂತದ 10 ಪೇಪರ್ ಇವೆ, ತಲಾ 8 ಸೈಟೇಶನ್ ಎಂದುಕೊಳ್ಳಿ. ಒಟ್ಟು 80. ತಲಾ 3,000 ಸೈಟೇಶನ್‌ನ ಎರಡು ಕೂಟದ ಪೇಪರ್ ಸೇರಿದರೆ ಒಟ್ಟು 6,080 ಆಗಿಬಿಡುತ್ತದೆ. ಎಚ್ ಮಾತ್ರ ಮೊದಲೂ 8, ಆಮೇಲೂ 8. ಒಟ್ಟು ಸೈಟೇಶನ್ ಸಾವಿರಗಳಲ್ಲಿದ್ದು ಎಚ್ ಒಂದಂಕಿಯಲ್ಲಿದ್ದರೆ, ಆ ಸಾವಿರಗಳು ಯಾವ ಪೇಪರ್‌ನವು, ಅದರಲ್ಲಿ ಇವರ ಪಾಲಿನ ಕೆಲಸ ಏನು ಎಂದು ಕೇಳಬೇಕು. ಕೂಟದ ಕೆಲಸ ಕೀಳು ಎಂದಲ್ಲ. ದೇಶದ ರೋಗಭಾರದ ಅಂದಾಜು ಸಿಗುವುದೇ ಅಲ್ಲಿಂದ. ಆದರೆ ನೂರಾರು ಜನರ ದುಡಿಮೆಯನ್ನು ಒಬ್ಬರ ಫೋಟೊದ ಕೆಳಗೆ ಹಾಕುವುದು ಉಳಿದವರಿಗೆ ಮಾಡುವ ಮೋಸ.

ಅದೇ ಉದಾಹರಣೆಯಲ್ಲಿ ಎಚ್ ಅನ್ನು 8ರಿಂದ 9ಕ್ಕೆ ಏರಿಸುವುದು ಎಷ್ಟು ಸಲೀಸು ನೋಡಿ. 9 ಆಗಬೇಕಾದರೆ 9 ಪೇಪರ್‌ಗಳಿಗೆ ತಲಾ 9 ಬೇಕು. ಎರಡಕ್ಕೆ ಆಗಲೇ ಇದೆ, ಇನ್ನು ಏಳಕ್ಕೆ ಒಂದೊಂದು ಸಾಕು. ಹೊಸದೊಂದು ಪೇಪರ್ ಬರೆದು ಅದರ ಪರಾಮರ್ಶನ ಪಟ್ಟಿಯಲ್ಲಿ ತಮ್ಮವೇ ಏಳು ಹಳೆಯ ಪೇಪರ್ ಸೇರಿಸಿದರೆ ಮುಗಿಯಿತು. ಹಿಂದಿನ ಕೆಲಸವನ್ನು ಮುಂದುವರಿಸುವವರು ತಮ್ಮದನ್ನು ಉಲ್ಲೇಖಿಸುವುದು ಸಹಜವೇ. ಆದರೆ ವಿಷಯಕ್ಕೆ ಸಂಬಂಧವಿಲ್ಲದ ಸ್ವಂತ ಪೇಪರ್‌ಗಳು ಪಟ್ಟಿಯಲ್ಲಿ ಸಾಲುಗಟ್ಟಿದ್ದರೆ ಸಂಶಯಪಡಬೇಕು.

ಗೂಗಲ್ ಸ್ಕಾಲರ್ ಸಂಖ್ಯೆ ಸಾಮಾನ್ಯವಾಗಿ ಸ್ಕೋಪಸ್‌ಗಿಂತ ಹೆಚ್ಚಿರುವುದಕ್ಕೆ ಕಾರಣವಿದೆ. ಅದು ಪ್ರಬಂಧ, ಪ್ರಿಪ್ರಿಂಟ್ (ತಜ್ಞರ ಪರಿಶೀಲನೆಗೆ ಮುನ್ನವೇ ಹೊರಬಿಟ್ಟ ಪೇಪರ್), ಜಾಲತಾಣಕ್ಕೆ ಏರಿಸಿದ ಪಿಡಿಎಫ್ ಎಲ್ಲವನ್ನೂ ಯಂತ್ರದಿಂದ ಎಣಿಸುತ್ತದೆ. ಫ್ರಾನ್ಸಿನ ಸಿರಿಲ್ ಲಾಬೆ 2010ರಲ್ಲಿ ಕಂಪ್ಯೂಟರ್ ಹೆಣೆದ ಅರ್ಥಹೀನ ಪೇಪರ್‌ಗಳಿಂದಲೇ, ಇಲ್ಲದ ವ್ಯಕ್ತಿಯೊಬ್ಬನಿಗೆ ಅಲ್ಲಿ ಎಚ್-ಇಂಡೆಕ್ಸ್ 94 ಬರುವಂತೆ ಮಾಡಿ ತೋರಿಸಿದ್ದರು. 2024ರಲ್ಲಿ ಇಬ್ಬರು ಸಂಶೋಧಕರು ಅಲ್ಲೇ ಲ್ಯಾರಿ ಎಂಬ ಬೆಕ್ಕಿನ ಹೆಸರಿಗೆ 12 ಪೇಪರ್, 132 ಸೈಟೇಶನ್ ಹತ್ತಿಸಿದರು. ಆದ್ದರಿಂದ ಸಂಖ್ಯೆ ಕೊಡುವಾಗ ಯಾವ ದತ್ತಸಂಚಯ, ಯಾವ ದಿನಾಂಕ ಎಂಬುದು ಪಕ್ಕದಲ್ಲೇ ಇರಬೇಕು.

ನಮ್ಮ ಹೆಸರುಗಳ ತೊಡಕು ಬೇರೆ. ಕನ್ನಡಿಗರ ಹೆಸರಿನಲ್ಲಿ ಊರಿನದೊಂದು, ತಂದೆಯದೊಂದು ಇನಿಷಿಯಲ್ ಇರುತ್ತದೆ. ಒಂದು ಜರ್ನಲ್ ಅದನ್ನು ಮುಂದಿಟ್ಟರೆ ಇನ್ನೊಂದು ಹಿಂದಿಡುತ್ತದೆ, ಮತ್ತೊಂದು ತಂದೆಯ ಹೆಸರನ್ನೇ ಕುಲನಾಮ ಮಾಡುತ್ತದೆ. ವೈದ್ಯಕೀಯ ಪೇಪರ್‌ಗಳ ಸೂಚಿಯಾದ ಪಬ್‌ಮೆಡ್ ಕುಲನಾಮವನ್ನು ಮುಂದಿಟ್ಟು, ಚುಕ್ಕಿಯಿಲ್ಲದೆ ಇನಿಷಿಯಲ್ ಬರೆಯುತ್ತದೆ. ಫಲವಾಗಿ ಒಬ್ಬರ ಪೇಪರ್‌ಗಳು ಸ್ಕೋಪಸ್‌ನಲ್ಲಿ ಮೂರು ಗುರುತಿನ ಸಂಖ್ಯೆಗಳಿಗೆ ಹಂಚಿಹೋಗುತ್ತವೆ. ಕುಮಾರ್, ರಾವ್, ಶೆಟ್ಟಿ ಎಂಬಂಥ ಹೆಸರುಗಳಲ್ಲಿ ನಾಲ್ಕು ಜನರ ಪೇಪರ್‌ಗಳು ಒಬ್ಬರ ಖಾತೆಗೆ ಬೀಳುತ್ತವೆ. ಮೂಳೆ ತಜ್ಞರ ಖಾತೆಯಲ್ಲಿ ಸಸ್ಯಶಾಸ್ತ್ರದ ಪೇಪರ್ ಕಂಡರೆ ಅದು ಬೆರಕೆಯಾದ ಖಾತೆ. ಮದ್ದು ಸುಲಭ: ಉಚಿತವಾಗಿ ಸಿಗುವ 16 ಅಂಕಿಯ ಆರ್ಕಿಡ್ (ORCID) ಎಂಬ ಸಂಶೋಧಕರ ಗುರುತಿನ ಸಂಖ್ಯೆಯನ್ನು ಮೊದಲ ಪೇಪರ್‌ನಿಂದಲೇ ಬಳಸುವುದು, ಎಲ್ಲ ಕಡೆಯೂ ಹೆಸರನ್ನು ಒಂದೇ ರೀತಿ ಬರೆಯುವುದು, ಸ್ಕೋಪಸ್‌ಗೆ ತಿದ್ದುಪಡಿ ಕಳಿಸಿ ಖಾತೆಗಳನ್ನು ಕೂಡಿಸುವುದು ಅಥವಾ ಬೇರ್ಪಡಿಸುವುದು. ತಮ್ಮದಲ್ಲದ ಪೇಪರ್ ತಮ್ಮ ಖಾತೆಯಲ್ಲಿದೆ ಎಂದು ಗೊತ್ತಿದ್ದೂ ಬಿಟ್ಟುಕೊಂಡರೆ ಅದು ಅಪ್ರಾಮಾಣಿಕತೆ.

ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ಅನ್ನು ಲೇಖಕರ ಯೋಗ್ಯತೆ ಎಂದು ಬರೆಯುವುದೂ ತಪ್ಪು. ಹಿಂದಿನ ಎರಡು ವರ್ಷಗಳಲ್ಲಿ ಆ ಜರ್ನಲ್ ಪ್ರಕಟಿಸಿದ್ದಕ್ಕೆ ಈ ವರ್ಷ ಬಂದ ಸೈಟೇಶನ್‌ಗಳನ್ನು ಆ ಎರಡು ವರ್ಷಗಳ ಪೇಪರ್‌ಗಳ ಸಂಖ್ಯೆಯಿಂದ ಭಾಗಿಸಿದ ಸರಾಸರಿ ಅದು. ಒಂದೇ ಪೇಪರ್ ಸರಾಸರಿಯನ್ನು ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ ‘ಆಕ್ಟಾ ಕ್ರಿಸ್ಟಲೊಗ್ರಾಫಿಕಾ ಎ’ ಸಾಕ್ಷಿ. 2008ರಲ್ಲಿ ಜಾರ್ಜ್ ಶೆಲ್ಡ್ರಿಕ್ ತಮ್ಮ ತಂತ್ರಾಂಶದ ಬಗ್ಗೆ ಬರೆದ ಲೇಖನವನ್ನು ಆ ತಂತ್ರಾಂಶ ಬಳಸಿದವರೆಲ್ಲ ಉಲ್ಲೇಖಿಸಿದರು. ಸುಮಾರು 2 ಇದ್ದ ಇಂಪ್ಯಾಕ್ಟ್ ಫ್ಯಾಕ್ಟರ್ ಮರುವರ್ಷ 50ರ ಹತ್ತಿರಕ್ಕೆ ಹೋಯಿತು. ಅದೇ ಜರ್ನಲ್‌ನ ಉಳಿದ ಲೇಖಕರ ಕೆಲಸ ಇದ್ದಂತೆಯೇ ಇತ್ತು. ಅಸಲಿ ಇಂಪ್ಯಾಕ್ಟ್ ಫ್ಯಾಕ್ಟರ್ ಕೊಡುವುದು ಕ್ಲಾರಿವೇಟ್ ಸಂಸ್ಥೆಯ ‘ಜರ್ನಲ್ ಸೈಟೇಶನ್ ರಿಪೋರ್ಟ್ಸ್’ ಮಾತ್ರ. ದುಡ್ಡು ತೆಗೆದುಕೊಂಡು ವಾರದೊಳಗೆ ಅಚ್ಚು ಹಾಕುವ ಜರ್ನಲ್‌ಗಳು ಅದನ್ನೇ ಹೋಲುವ ಹೆಸರಿನ ಬೇರೆ ಅಂಕಿಗಳನ್ನು ಮುಖಪುಟದಲ್ಲಿ ಹಾಕಿಕೊಳ್ಳುತ್ತವೆ.

ಸೈಟೇಶನ್ ಹೆಚ್ಚಿದ್ದರೆ ಕೆಲಸ ಸರಿಯಾದದ್ದು ಎಂದೂ ಅಲ್ಲ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ ಆಂಡ್ರ್ಯೂ ವೇಕ್‌ಫೀಲ್ಡ್ ಅವರ 1998ರ ‘ಲ್ಯಾನ್ಸೆಟ್’ ಜರ್ನಲ್‌ನ ಪೇಪರ್ 12 ಮಕ್ಕಳನ್ನು ಆಧರಿಸಿತ್ತು. 2010ರಲ್ಲಿ ಅದನ್ನು ಹಿಂಪಡೆಯಲಾಯಿತು. ಅಷ್ಟರೊಳಗೆ ಅದನ್ನು ಖಂಡಿಸಿ ಬರೆದವರ ಉಲ್ಲೇಖಗಳೂ ಅದರ ಖಾತೆಗೇ ಜಮೆಯಾಗಿದ್ದವು. ಹೊಗಳಿಕೆಗೂ ಖಂಡನೆಗೂ ಲೆಕ್ಕದಲ್ಲಿ ಭೇದವಿಲ್ಲ. ಕೋವಿಡ್ ಕಾಲದಲ್ಲಿ ಸುಮಾರು 96 ಸಾವಿರ ರೋಗಿಗಳ ದತ್ತಾಂಶ ತನ್ನಲ್ಲಿದೆ ಎಂದ ಹೈಡ್ರಾಕ್ಸಿಕ್ಲೋರೊಕ್ವಿನ್ ಔಷಧದ ಪೇಪರ್ 2020ರ ಮೇ 22ರಂದು ಬಂದು, ಆ ದತ್ತಾಂಶವನ್ನು ಪರಿಶೀಲಿಸಲಾಗದೆ ಜೂನ್ 4ರಂದು ಹಿಂಪಡೆಯಲ್ಪಟ್ಟಿತು. ಅದಾದ ಮೇಲೂ ಅದನ್ನು ಉಲ್ಲೇಖಿಸಿದವರಿದ್ದಾರೆ. ಹಿಂಪಡೆದದ್ದನ್ನು ತಿಳಿಯಲು ಪಬ್‌ಮೆಡ್ ಪುಟದಲ್ಲೇ ಸೂಚನೆ ಇರುತ್ತದೆ. ಹಿಂಪಡೆದ ಪೇಪರ್‌ಗಳನ್ನು ಪಟ್ಟಿ ಮಾಡುವ ‘ರಿಟ್ರಾಕ್ಷನ್ ವಾಚ್’ ದತ್ತಾಂಶವನ್ನು 2023ರಿಂದ ಕ್ರಾಸ್‌ರೆಫ್ ಸಂಸ್ಥೆ ಉಚಿತವಾಗಿ ಕೊಡುತ್ತಿದೆ.

ನಮಗೆ ಎಲ್ಲಕ್ಕಿಂತ ಹೆಚ್ಚು ನೋವಾಗುವುದು ಇನ್ನೊಂದು ಕಡೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯ ಮೇಲೆ ಕೆಲಸ ಮಾಡುವವರು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಓದುವವರು ಕಡಿಮೆ, ಬರೆಯುವವರು ಕಡಿಮೆ, ಹಾಗಾಗಿ ಸೈಟೇಶನ್ನೂ ಕಡಿಮೆ. 2005ರಿಂದ 2010ರವರೆಗೆ ಕರ್ನಾಟಕದಲ್ಲಿ ಕೊಟ್ಟ ಲಸಿಕೆಯ ಪರಿಣಾಮವನ್ನು ಅಳೆದ ಪೇಪರ್ 2013ರಲ್ಲಿ ಪ್ರಕಟವಾಯಿತು: ಎರಡು ಡೋಸ್‌ನಿಂದ ಸುಮಾರು ಶೇ 62ರಷ್ಟು ರಕ್ಷಣೆ, ಬೂಸ್ಟರ್ ಸೇರಿದರೆ ಸುಮಾರು ಶೇ 83. ಮಲೆನಾಡಿನ ಆರೋಗ್ಯಾಧಿಕಾರಿಗೆ ಬೇಕಾದ ಅಂಕಿ ಇದು. ಕ್ಯಾನ್ಸರ್ ಜೀನ್‌ಗಳ ಬಗ್ಗೆ ಬಂದ ಸಾಧಾರಣ ವಿಮರ್ಶಾ ಲೇಖನವೂ ಸೈಟೇಶನ್‌ನಲ್ಲಿ ಇಂಥದ್ದನ್ನು ಹಿಂದಿಕ್ಕಬಲ್ಲದು. ಬಡ್ತಿಯನ್ನೂ ಅನುದಾನವನ್ನೂ ಸುದ್ದಿಯನ್ನೂ ಸೈಟೇಶನ್‌ಗೆ ಕಟ್ಟಿಹಾಕಿದರೆ ಯುವ ವೈದ್ಯರು ಈ ಕಾಯಿಲೆ ಹರಡುವ ಉಣ್ಣಿ ಹುಳುಗಳನ್ನು ಹುಡುಕಿಕೊಂಡು ಕಾಡಿಗೆ ಏಕೆ ಹೋದಾರು?

ವರದಿಗಾರರು ಮಾಡಬಹುದಾದದ್ದು ಅರ್ಧ ಗಂಟೆಯ ಕೆಲಸ. ಸಂಶೋಧಕರಿಂದ ಆರ್ಕಿಡ್ ಸಂಖ್ಯೆ ಮತ್ತು ಅವರೇ ಮುಖ್ಯವೆಂದು ಭಾವಿಸುವ ಮೂರು ಪೇಪರ್ ಕೇಳಿ. ಲೇಖಕರ ಸಾಲಿನಲ್ಲಿ ಅವರ ಜಾಗ ನೋಡಿ. ಜೀವವೈದ್ಯಕೀಯದಲ್ಲಿ ಸಾಮಾನ್ಯವಾಗಿ ಕೆಲಸದ ಹೆಚ್ಚಿನ ಪಾಲು ಮೊದಲ ಹೆಸರಿನದು, ಮಾರ್ಗದರ್ಶನ ಕೊನೆಯ ಹೆಸರಿನದು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2022ರ ಬೋಧಕರ ಅರ್ಹತಾ ನಿಯಮವೂ ಮೊದಲ ಮೂವರಲ್ಲಿ ಒಬ್ಬರಾಗಿರಬೇಕು ಅಥವಾ ಪತ್ರವ್ಯವಹಾರದ ಲೇಖಕರಾಗಿರಬೇಕು ಎಂದಿತ್ತು. ಮೂಲ ಸಂಶೋಧನೆಯೋ, ವಿಮರ್ಶೆಯೋ, ಒಬ್ಬ ರೋಗಿಯ ಕೇಸ್ ರಿಪೋರ್ಟೋ ಗಮನಿಸಿ. ಔಷಧ ಪ್ರಯೋಗವಾದರೆ ಭಾರತದ ಪ್ರಯೋಗಗಳ ದಾಖಲೆಯಾದ ಸಿಟಿಆರ್‌ಐನ ನೋಂದಣಿ ಸಂಖ್ಯೆ ಹುಡುಕಿ, ಪ್ರಯೋಗ ಶುರುವಾಗುವ ಮುನ್ನ ಅಳೆಯುತ್ತೇವೆ ಎಂದು ಬರೆದದ್ದನ್ನೇ ಪೇಪರ್‌ನಲ್ಲಿ ಮುಖ್ಯ ಫಲಿತಾಂಶವಾಗಿ ಕೊಟ್ಟಿದ್ದಾರೆಯೇ ಎಂದು ಹೋಲಿಸಿ. ಬಳಿಕ ಅದೇ ವಿಷಯದಲ್ಲಿರುವ, ಅವರ ಜೊತೆ ಪೇಪರ್ ಬರೆಯದ ಇನ್ನೊಬ್ಬ ತಜ್ಞರಿಗೆ ಫೋನ್ ಮಾಡಿ.

ಸುದ್ದಿಯ ಕೊನೆಯಲ್ಲಿ ಆ ಮೂರು ಪೇಪರ್‌ಗಳ ಡಿಒಐ ಎಂಬ ಕಾಯಂ ಗುರುತಿನ ಸಂಖ್ಯೆಗಳನ್ನು ಅಚ್ಚು ಹಾಕಬೇಕೆಂದು ತಮ್ಮಲ್ಲಿ ವಿನಂತಿ. ಓದುಗರು ತಾವೇ ತೆಗೆದು ನೋಡಿಕೊಳ್ಳುತ್ತಾರೆ.

– ವೈದ್ಯಕೀಯ ಕಾಲೇಜು ಗ್ರಂಥಾಲಯದ ಸಿಬ್ಬಂದಿ, ಮಂಗಳೂರು